ಲೈಬ್ರರಿ ಬಾಗಿಲಲ್ಲಿ ಕನ್ನಡ ಸುದ್ದಿ ಪರದೆ: ನನ್ನ ಅನುಭವ

ನಮ್ಮ ಕಾಲೇಜಿನ ಲೈಬ್ರರಿ ಬಾಗಿಲ ಪಕ್ಕ ಒಂದು ಟಿವಿ ಹಾಕಿದ್ದೇನೆ. ಅದರಲ್ಲಿ ದಿನವಿಡೀ ಕನ್ನಡ ಸುದ್ದಿಯ ತಲೆಬರಹಗಳು ಬರುತ್ತವೆ, ನಡುನಡುವೆ ನಮ್ಮದೇ ಸೂಚನೆಗಳು. ಟಿವಿ ಹಿಂದೆ ಇರೋದು ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರ್, ರಾಸ್ಪ್‌ಬೆರಿ ಪೈ. ಕರೆಂಟ್ ಬಂದ ಕೂಡಲೇ ಕ್ರೋಮಿಯಂ ಬ್ರೌಸರ್ ಪರದೆ ಪೂರ್ತಿ ತುಂಬುವ ಕಿಯಾಸ್ಕ್ ಮೋಡ್‌ನಲ್ಲಿ ತೆರೆದುಕೊಂಡು ನಾನು ಬರೆದ ಪುಟ ತೋರಿಸುತ್ತದೆ. ಇದಕ್ಕೆಂದೇ ಕ್ಸೈಬೊ, ಆಂಥಿಯಾಸ್‌ನಂಥ ಓಪನ್ ಸೋರ್ಸ್ ಸಾಫ್ಟ್‌ವೇರ್ ಇವೆ. ಆದರೆ ಕನ್ನಡದ ಸಾಲು ಹೇಗೆ ಕಾಣಬೇಕು ಅನ್ನೋದು ನನ್ನ ಕೈಯಲ್ಲೇ ಇರಬೇಕಿತ್ತು.

ಸುದ್ದಿ ಬರೋದು ಪತ್ರಿಕೆಗಳು ತಮ್ಮ ಹೊಸ ಸುದ್ದಿಗಳ ಪಟ್ಟಿ ಕೊಡುವ ಆರ್‌ಎಸ್‌ಎಸ್ ಫೀಡ್‌ನಿಂದ. ಬೇರೆ ಸೈಟಿನ ಫೀಡನ್ನು ಪುಟ ನೇರವಾಗಿ ಓದಲು ಹೋದರೆ ಬ್ರೌಸರ್ ಸಾಮಾನ್ಯವಾಗಿ ತಡೆಯುತ್ತದೆ. ಅದಕ್ಕೇ ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್ ಆಗಾಗ ಫೀಡ್ ತಂದು ಪೈನಲ್ಲೇ ಫೈಲ್ ಮಾಡಿಡುತ್ತದೆ. ನೆಟ್ ಹೋದರೂ ಪರದೆ ಖಾಲಿ ಆಗಲ್ಲ. ಹಾಗಂತ ನಿನ್ನೆಯ ಸುದ್ದಿ ಇವತ್ತು ನಿಲ್ಲಬಾರದು ಅಲ್ವಾ? ಸಾಮಾನ್ಯವಾಗಿ ಪ್ರತಿ ಸುದ್ದಿಯ ಜೊತೆ ಪ್ರಕಟವಾದ ಸಮಯ ಇರುತ್ತದೆ. ಅದನ್ನು ನೋಡಿ ಹಳೆಯದನ್ನು ಕೈಬಿಡುತ್ತೇನೆ. ತಲೆಬರಹದ ಕೆಳಗೆ ಪತ್ರಿಕೆಯ ಹೆಸರು ಇರಲೇಬೇಕು. ಅದು ಅವರ ದುಡಿಮೆ.

ಜಾಸ್ತಿ ಗಮನ ಕೊಟ್ಟಿದ್ದು ಅಕ್ಷರಕ್ಕೆ. ಪೈಗೆ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದೆ. ಕನ್ನಡ ಫಾಂಟೇ ಇಲ್ಲದಿದ್ದರೆ ಬರೀ ಚೌಕಗಳು ಕಾಣುತ್ತವೆ. ಆಮೇಲೆ ಸಾಲಿನ ಎತ್ತರ. ‘ರಾಷ್ಟ್ರ’ ಅಂತ ಬರೆದು ನೋಡಿ. ಷಕಾರದ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಇಂಗ್ಲಿಷಿಗೆ ಸಾಕಾಗುವ ಬಿಗಿ ಸಾಲಿನಲ್ಲಿ ಇವು ಕೆಳಗಿನ ಸಾಲಿಗೆ ತಾಗುತ್ತವೆ, ಇಲ್ಲವೇ ಅರ್ಧಕ್ಕೆ ಕತ್ತರಿಸಿ ಹೋಗುತ್ತವೆ. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.6 ಪಟ್ಟು ಇಟ್ಟ ಮೇಲೆ ಒತ್ತಿಗೆ ಉಸಿರಾಡಲು ಜಾಗ ಸಿಕ್ಕಿತು.

ಟಿವಿ ಚಾನೆಲ್ಲಿನ ಹಾಗೆ ಸಾಲು ಓಡಿಸಬೇಕು ಅಂತ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ನಡೆದು ಹೋಗುವವರಿಗೆ ಓಡುವ ಸಾಲಿನ ತಲೆ ಸಿಕ್ಕರೆ ಬಾಲ ಸಿಗಲ್ಲ. ಒತ್ತಕ್ಷರ ಓಡುತ್ತಿದ್ದರೆ ಕಣ್ಣಿಗೆ ಇನ್ನೂ ಕಷ್ಟ. ಒಂದು ಸುದ್ದಿ ಪೂರ್ತಿ ನಿಲ್ಲಬೇಕು, ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ಇರಬೇಕು, ಆಮೇಲೆ ಮುಂದಿನದು. ಈಗ ಹುಡುಗರು ನಿಂತು ಓದುತ್ತಾರೆ.

ಸೂಚನೆಗಳಿಗೆ ಒಂದು ಗೂಗಲ್ ಶೀಟ್ ಇದೆ. ಸಂದೇಶ, ಯಾವಾಗಿನಿಂದ, ಯಾವಾಗಿನವರೆಗೆ: ಮೂರೇ ಕಾಲಂ. ಕೊನೆಯ ದಿನಾಂಕ ಹಾಕದ ಸಂದೇಶ ಪರದೆಗೆ ಬರುವುದೇ ಇಲ್ಲ. ಮುಗಿದುಹೋದ ಪರೀಕ್ಷೆಯ ಸೂಚನೆ ಗೋಡೆ ಮೇಲೆ ಉಳಿದರೆ ಪಕ್ಕದ ನಿಜ ಸುದ್ದಿಯನ್ನೂ ಯಾರೂ ನಂಬಲ್ಲ. ಆಫೀಸಿನವರು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ ಬದಲಾಯಿಸಬೇಕು.

ಗೇಟಿನ ಹತ್ತಿರ ಪಿ10 (ಚುಕ್ಕಿಯಿಂದ ಚುಕ್ಕಿಗೆ 10 ಮಿ.ಮೀ. ಅಂತರದ) ಎಲ್‌ಇಡಿ ಬೋರ್ಡ್ ಹಾಕುವವರಿಗೆ ಒಂದು ಮಾತು. ಒಂದು ಪ್ಯಾನೆಲ್ಲಿನ ಎತ್ತರ 16 ಚುಕ್ಕಿ ಮಾತ್ರ. ಕನ್ನಡದ ಒತ್ತಿಗೆ ಅದು ಸಾಲದು. ಎರಡು ಪ್ಯಾನೆಲ್ ಮೇಲೆ ಕೆಳಗೆ ಜೋಡಿಸಿ 32 ಮಾಡಿಕೊಳ್ಳಿ. ಸಾಲನ್ನು ಅಕ್ಷರವಾಗಿ ಕಳಿಸದೆ ಚಿತ್ರವಾಗಿ ಕಳಿಸಿ. ಪೈಥಾನಿನಲ್ಲಿ ಚಿತ್ರಗಳಿಗೆಂದೇ ಇರುವ ಪಿಲ್ಲೋ ಪ್ಯಾಕೇಜಿನಲ್ಲಿ ಚಿತ್ರ ಮಾಡುವಾಗ, ಒತ್ತುಗಳನ್ನು ಸರಿಯಾಗಿ ಜೋಡಿಸುವ ರಾಕ್ಮ್ (Raqm) ಲೇಔಟ್ ಇದೆಯೇ ಅಂತ ನೋಡಿಕೊಳ್ಳಿ. ಅದಿಲ್ಲದಿದ್ದರೆ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಬೀಳುತ್ತವೆ.