ವೈರಿಲ್ಲದ ಹ್ಯಾಂಡ್ ಮಿಕ್ಸರ್: ಮಜ್ಜಿಗೆಗೆ ಸೈ, ಹಿಂಡಿಗೆ ಅಲ್ಲ

ವಿಜಯಪುರ, ಬಾಗಲಕೋಟೆ ಕಡೆ ಮಿಕ್ಸರ್ ಅಂದರೆ ಖಾರ, ಚಟ್ನಿ ರುಬ್ಬುವ ಯಂತ್ರ ಅಂತಲೇ ಅರ್ಥ. ಹಾಗಾಗಿ ಡಬ್ಬಿಯ ಮೇಲೆ ‘ಕಾರ್ಡ್‌ಲೆಸ್ ಹ್ಯಾಂಡ್ ಮಿಕ್ಸರ್’ ಅಂತ ಓದಿದವರು ವೈರಿಲ್ಲದೆ ಶೇಂಗಾ ಹಿಂಡಿ (ಚಟ್ನಿಪುಡಿ) ಆದೀತು ಅಂದುಕೊಂಡು ತರುತ್ತಾರೆ, ಮರುದಿನ ವಾಪಸ್ ಕಳಿಸುತ್ತಾರೆ. ಇದಕ್ಕೆ ಅಲಗು ಇರುವುದಿಲ್ಲ. ತಂತಿಯ ಎರಡು ಬೀಟರ್ ಎದುರುಬದುರಾಗಿ ತಿರುಗಿ ತೆಳ್ಳಗಿದ್ದದ್ದನ್ನು ಕಡೆಯುತ್ತವೆ, ಅಷ್ಟೇ. ಕಡಗೋಲಿನ ಮೊಮ್ಮಗ ಅನ್ನಿರಿ. ಉದ್ದ ಕೋಲಿನ ತುದಿಗೆ ಅಲಗಿರುವುದು ಹ್ಯಾಂಡ್ ಬ್ಲೆಂಡರ್. ಅದು ಬೇಯಿಸಿದ ಪಲ್ಲೆ, ಟೊಮ್ಯಾಟೊ ನುಣ್ಣಗೆ ಮಾಡುತ್ತದೆ, ಆದರೆ ಒಣ ಶೇಂಗಾ, ಒಣ ಮೆಣಸಿನಕಾಯಿ ಅದರಿಂದಲೂ ಆಗದು. ಕೊಳ್ಳುವ ಮುಂಚೆ ಯಾವುದು ಬೇಕು ಅನ್ನುವುದು ಖಚಿತವಾಗಿರಲಿ.

ದಿನದ ಅಡುಗೆಯಲ್ಲಿ ಇದು ನಿಜವಾಗಿ ಕೈಗೆ ಬರುವುದು ಹಿಟ್ಟು ಕದಡುವಾಗ. ಝುಣಕಕ್ಕೆ ಒಂದು ವಾಟಿ ಕಡಲೆಹಿಟ್ಟು, ಎರಡು ವಾಟಿ ನೀರು ಅಂತ ಇಟ್ಟುಕೊಳ್ಳಿರಿ. ನೀರನ್ನೆಲ್ಲ ಒಮ್ಮೆಗೇ ಸುರಿದು ಮಿಕ್ಸರ್ ಹಚ್ಚಿದರೆ ಗಂಟುಗಳು ನೀರಲ್ಲಿ ತೇಲಿ ಬೀಟರಿನಿಂದ ತಪ್ಪಿಸಿಕೊಂಡು ಓಡುತ್ತವೆ. ಮೊದಲು ಮುಕ್ಕಾಲು ವಾಟಿ ನೀರಲ್ಲೇ ಗಟ್ಟಿಯಾಗಿ ಕಲಸಿ 20 ಸೆಕೆಂಡು ಕಡೆಯಿರಿ, ಗಂಟು ಒಡೆಯುವುದು ಆ ಗಟ್ಟಿ ಹಿಟ್ಟಿನಲ್ಲೇ. ಆಮೇಲೆ ಉಳಿದ ನೀರು. ಬಜ್ಜಿ ಹಿಟ್ಟು, ದಿಢೀರ್ ರವಾ ದೋಸೆ, ಮಜ್ಜಿಗೆ ಎಲ್ಲದಕ್ಕೂ ಇದೇ ಕ್ರಮ. ಪಾತ್ರೆ ಮಾತ್ರ ಎತ್ತರದ ತಪೇಲಿಯಾಗಿರಲಿ, ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಬೀಟರ್ ಮುಳುಗಿದ ಮೇಲೆ ಗುಂಡಿ ಒತ್ತಿರಿ, ನಿಂತ ಮೇಲೆ ಎತ್ತಿರಿ. ಈ ಎರಡರಲ್ಲಿ ಒಂದು ತಪ್ಪಿದರೂ ಗೋಡೆಗೆಲ್ಲ ಮಜ್ಜಿಗೆ. ಅಲ್ಯುಮಿನಿಯಂ ಪಾತ್ರೆಯಲ್ಲಿ ಮೊಸರು ಕಡೆಯಬೇಡಿರಿ. ಹುಳಿಗೆ ಮೆತ್ತಗಾದ ಮೈಯನ್ನು ಉಕ್ಕಿನ ಬೀಟರ್ ಕೆರೆದು ಮಜ್ಜಿಗೆ ಬೂದು ಬಣ್ಣಕ್ಕೆ ತಿರುಗುತ್ತದೆ.

ವೈರಿಲ್ಲದ್ದರ ದೊಡ್ಡ ಗುಣ ಕರೆಂಟು ಹೋದಾಗ ಅನ್ನುತ್ತಾರೆ. ಅರ್ಧ ನಿಜ. ಮನೆಯಲ್ಲಿ ಇನ್ವರ್ಟರ್ ಇದ್ದರೆ 250 ವಾಟಿನ ವೈರಿನ ಹ್ಯಾಂಡ್ ಮಿಕ್ಸರನ್ನೂ ಅದು ಆರಾಮಾಗಿ ಎಳೆಯುತ್ತದೆ. ನನ್ನ ಪ್ರಕಾರ ಹೆಚ್ಚಿನ ಲಾಭ ಹಳೆಯ ಮನೆಗಳಲ್ಲಿ. ಅಲ್ಲಿ ಅಡುಗೆಮನೆಗೆ ಇರುವುದೇ ಒಂದು ಪ್ಲಗ್, ಅದೂ ಫ್ರಿಜ್ ಹಿಂದೆ. ವೈರು ಒಲೆಯ ಮೇಲಿಂದ ಎಳೆದು ಬರುವ ಅಪಾಯ ತಪ್ಪುತ್ತದೆ, ಒದ್ದೆ ಕಟ್ಟೆಯ ಮೇಲೆ ಎಕ್ಸ್‌ಟೆನ್ಶನ್ ಬೋರ್ಡ್ ಬೇಕಿಲ್ಲ. ಆದರೆ ವೈರಿಲ್ಲ ಅಂತ ಕುದಿಯುವ ಪಾತ್ರೆಯ ಮೇಲೆ ಹಿಡಿಯಬಾರದು. ಉಗಿ ಗಾಳಿಕಿಂಡಿಯಿಂದ ಒಳಗೆ ಹೋಗಿ ಮೋಟಾರಿಗೂ ಬ್ಯಾಟರಿಗೂ ತೇವ ಹಿಡಿಸುತ್ತದೆ. ಪಾತ್ರೆ ಇಳಿಸಿ, ಐದು ಮಿನಿಟು ಬಿಟ್ಟು, ಆಮೇಲೆ ಕಡೆಯಿರಿ.

ಇನ್ನು ಕಸುವಿನ ಲೆಕ್ಕ. ಅಗ್ಗದ ಯುಎಸ್‌ಬಿ ಮಿಕ್ಸರಿನ ಮೇಲೆ ‘1500 ಎಂಎಎಚ್’ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಒಂದು ಲಿಥಿಯಂ ಸೆಲ್ಲಿನ ವೋಲ್ಟೇಜು ಸುಮಾರು 3.7. 1500 ಎಂಎಎಚ್ ಅಂದರೆ ಒಂದೂವರೆ ಆಂಪಿಯರ್-ಅವರ್, ಅದನ್ನು 3.7ರಿಂದ ಗುಣಿಸಿದರೆ ಸುಮಾರು ಐದೂವರೆ ವಾಟ್-ಅವರ್, ಅಂದರೆ ಬ್ಯಾಟರಿ ಹಿಡಿಯುವ ಒಟ್ಟು ಕಸುವು. ವೈರಿನ 250 ವಾಟ್ ಮಿಕ್ಸರ್ ಪೂರ್ಣ ಬಿರುಸಿನಲ್ಲಿ 80 ಸೆಕೆಂಡಿನಲ್ಲಿ ನುಂಗುವ ಕರೆಂಟು ಇದು. ಹಾಗಾದರೆ ಚಿಕ್ಕದು ಕಾಲು ತಾಸು ಹೇಗೆ ಓಡುತ್ತದೆ? ಇಪ್ಪತ್ತು ವಾಟಿನ ಆಸುಪಾಸಿನಲ್ಲಿ ಮೆಲ್ಲಗೆ ಓಡುವುದರಿಂದ. ಅಷ್ಟು ಕಸುವಿಗೆ ತಕ್ಕ ಕೆಲಸ ಕೊಟ್ಟರೆ ತಕರಾರು ಮಾಡುವುದಿಲ್ಲ. ಚಪಾತಿ ಹಿಟ್ಟು ನಾದಲು ಕೊಟ್ಟರೆ ಬೀಟರ್ ನಿಲ್ಲುತ್ತದೆ, ನಿಂತ ಮೋಟಾರು ಕರೆಂಟನ್ನು ಶಾಖ ಮಾಡುತ್ತದೆ, ಸುಟ್ಟ ವಾಸನೆ ಬರುತ್ತದೆ. ಜೋಳದ ಹಿಟ್ಟಿನ ಮಾತೇ ಬೇಡ. ಅದಕ್ಕೆ ಕುದಿನೀರು, ಅಂಗೈ ಎರಡೇ ಸಾಧನ. ಹೋಳಿಗೆಯ ಹೂರಣವೂ ಇದರ ಕೆಲಸವಲ್ಲ. ಕೆಲವು ಯಂತ್ರಗಳ ಚೀಟಿಯಲ್ಲಿ ‘ಕೆಬಿ 5 ಮಿನ್’ ಅಂತ ಸಣ್ಣಕ್ಷರ ಇರುತ್ತದೆ. ಒಂದೇ ಸಮ ಐದು ಮಿನಿಟಿಗಿಂತ ಹೆಚ್ಚು ಓಡಿಸಬೇಡಿ, ಆರಲು ಬಿಡಿ ಅನ್ನುವುದು ಅದರ ಅರ್ಥ.

ಬೆಳಗಾವಿ ಕಡೆ ಹಬ್ಬಕ್ಕೆ ಶ್ರೀಖಂಡ ಮಾಡುವವರು ಈ ಮಿಕ್ಸರನ್ನು ಬೈಯುವುದು ಬಹಳ. ತಪ್ಪು ಹೆಚ್ಚಾಗಿ ಕ್ರಮದ್ದು. ಒಂದು ಲೀಟರ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಆರೇಳು ತಾಸು ತೂಗುಹಾಕಿದರೆ ಹತ್ತಿರ ಹತ್ತಿರ 400 ಗ್ರಾಮ್ ಚಕ್ಕಾ ಸಿಗುತ್ತದೆ. ಬೇಸಗೆಯಲ್ಲಿ ಫ್ರಿಜ್ಜಿನೊಳಗೇ ತೂಗುಹಾಕಿರಿ, ಇಲ್ಲವಾದರೆ ಹುಳಿ ಬರುತ್ತದೆ. ಆ ಒಣ ಚಕ್ಕಾಕ್ಕೆ ನೇರ ಮಿಕ್ಸರ್ ಇಳಿಸಿದರೆ ಅದು ಬೀಟರಿಗೆ ಮುದ್ದೆಯಾಗಿ ಸುತ್ತಿಕೊಂಡು ಕುಳಿತುಬಿಡುತ್ತದೆ. ಹಾಗೆ ಮಾಡದೆ ಚಕ್ಕಾವನ್ನು ಚಮಚದ ಬೆನ್ನಿನಿಂದ ಒಡೆದು, 250ರಿಂದ 300 ಗ್ರಾಮ್ ಪುಡಿ ಸಕ್ಕರೆಯನ್ನು ಎರಡು ಸಲ ಮಾಡಿ ಬೆರೆಸಿ, ಅರ್ಧ ತಾಸು ಮುಚ್ಚಿಡಿರಿ. ಸಕ್ಕರೆ ಕರಗಿ ನೀರು ಬಿಟ್ಟು ಚಕ್ಕಾ ಇಡ್ಲಿ ಹಿಟ್ಟಿನ ಹದಕ್ಕೆ ಬರುತ್ತದೆ. ಈಗ ಮಿಕ್ಸರ್. ಎಲ್ಲಕ್ಕಿಂತ ಕಡಿಮೆ ವೇಗದಲ್ಲಿ 30 ಸೆಕೆಂಡು, ತಡೆದು ಅಂಚು ಕೆರೆದು ಮತ್ತೆ 30, ಇನ್ನೊಮ್ಮೆ 30. ಬೀಟರ್ ಎಳೆದ ಗೆರೆ ಮೇಲೆ ಹಾಗೇ ನಿಂತರೆ ಸಾಕು. ಅಲ್ಲಿಗೆ ನಿಲ್ಲಿಸದಿದ್ದರೆ ಮೊಸರಿನ ಕಟ್ಟು ಒಡೆದು ಶ್ರೀಖಂಡ ಸುರಿಯುವ ಹದಕ್ಕೆ ಇಳಿಯುತ್ತದೆ, ಮತ್ತೆ ಗಟ್ಟಿಯಾಗುವುದಿಲ್ಲ. ಬಟ್ಟೆಯ ಅಂಚಿಗೆ ಒಣಗಿದ ಚಕ್ಕಾದ ಕಾಳು ಮಾತ್ರ ಮಿಕ್ಸರಿಗೆ ಸಿಗದು. ಬೀಟರ್ ಅದನ್ನು ಪಕ್ಕಕ್ಕೆ ದೂಡುತ್ತದೆ, ಜರಡಿ ಅರೆಯುತ್ತದೆ. ಅಪ್ಪಟ ನುಣುಪು ಬೇಕಿದ್ದರೆ ಜರಡಿಗೇ ತಿಕ್ಕಿ ಇಳಿಸಿರಿ. ಏಲಕ್ಕಿ, ಜಾಜಿಕಾಯಿ, ಬಿಸಿ ಹಾಲಿನ ಒಂದು ಚಮಚದಲ್ಲಿ ನೆನೆಸಿದ ಕೇಸರಿ ಕೊನೆಗೆ, ಚಮಚದಿಂದ.

ಬೆಣ್ಣೆ ತೆಗೆಯಲು ಬಂದರೆ ಅರ್ಧ ಲೀಟರ್ ಹೆಪ್ಪಿಟ್ಟ ಕೆನೆಯವರೆಗೆ ಅಡ್ಡಿಯಿಲ್ಲ. ಕೆನೆ ತಂಪಾಗಿರಬೇಕು, ಬೇಸಗೆಯಲ್ಲಿ ಒಂದು ವಾಟಿ ಮಂಜುನೀರು ಹಾಕಿರಿ, ಬಿಸಿ ಕೆನೆಯಲ್ಲಿ ಬೆಣ್ಣೆ ಎಣ್ಣೆಯಾಗಿ ಹರಡಿ ಮುದ್ದೆ ಕಟ್ಟುವುದಿಲ್ಲ. ಮೊದಲು ನೊರೆ ಏರಿ ಕೆನೆ ದಪ್ಪವಾಗುತ್ತದೆ. ಮೋಟಾರಿನ ದನಿ ತಗ್ಗುವುದು ಇಲ್ಲೇ. ಆಗ ವೇಗ ಏರಿಸಬೇಡಿರಿ, ಇನ್ನೊಂದು ಸೌಟು ತಂಪು ನೀರು ಹಾಕಿರಿ. ರವೆಯಂತೆ ಕಾಳು ಕಂಡ ಕೂಡಲೇ ಯಂತ್ರ ತೆಗೆದು ಕೈಯಿಂದ ಕೂಡಿಸಿರಿ. ಎಮ್ಮೆ ಕಟ್ಟಿದ ಮನೆಯಲ್ಲಿ ಎರಡು ಮೂರು ಲೀಟರ್ ಕಡೆಯುವುದಿದ್ದರೆ ಕಡಗೋಲೇ ಇರಲಿ, ಇಲ್ಲವಾದರೆ ವೈರಿನ ಮಿಕ್ಸರ್.

ಕೇಕಿನ ಕ್ರೀಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ಯಾಕೆಟ್ಟಿನಲ್ಲಿ ಸಿಗುವ 25 ಪ್ರತಿಶತ ಕೊಬ್ಬಿನ ಫ್ರೆಶ್ ಕ್ರೀಮ್ ಎಷ್ಟು ಕಡೆದರೂ ಗಟ್ಟಿ ನಿಲ್ಲದು, ಅದರಲ್ಲಿ ಮಿಕ್ಸರಿನ ತಪ್ಪಿಲ್ಲ. ವಿಪ್ಪಿಂಗ್ ಕ್ರೀಮೇ ತರಬೇಕು, ಬೋಗುಣಿ ಮತ್ತು ಬೀಟರುಗಳನ್ನು ಕಾಲು ತಾಸು ಫ್ರೀಜರಿನಲ್ಲಿ ಇಟ್ಟಿರಬೇಕು. ಕೇಕಿನ ಹಿಟ್ಟಿಗೆ ಮೈದಾ ಬಿದ್ದ ಮೇಲೆ ಮಿಕ್ಸರ್ ಬೇಡ, ಅಂಟು ಬಂದು ಕೇಕ್ ಬಿರುಸಾಗುತ್ತದೆ.

ಬ್ಯಾಟರಿ ಹಾಳಾಗುವುದು ಓಡಿಸಿ ಮಾತ್ರ ಅಲ್ಲ, ಇಟ್ಟ ಜಾಗದಿಂದಲೂ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಅಡುಗೆಮನೆಯಲ್ಲಿ ಒಲೆ ಹೊತ್ತಿದಾಗ ಇನ್ನೂ ಹೆಚ್ಚು. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೀರಿದ ಕಡೆ ಚಾರ್ಜ್ ಮಾಡಬಾರದು. ಪಡಸಾಲೆಯ ತಂಪು ಗೋಡೆಯ ಹತ್ತಿರ, ಬೆಳಿಗ್ಗೆ ಅಥವಾ ರಾತ್ರಿ ಹಚ್ಚಿರಿ. ಆಗಷ್ಟೇ ಓಡಿ ಬಿಸಿಯಾಗಿದ್ದರೆ ಅರ್ಧ ತಾಸು ಆರಲಿ. ತುಂಬಿದ ಮೇಲೆ ಪಿನ್ ತೆಗೆಯಿರಿ. ಬರಿದು ಮಾಡಿ ಕಪಾಟಿನಲ್ಲಿ ಇಟ್ಟು ದೀಪಾವಳಿಗೆ ತೆಗೆದರೆ ಏಳದಿರಬಹುದು. ಅರ್ಧ ತುಂಬಿ ಇಟ್ಟು ಎರಡು ಮೂರು ತಿಂಗಳಿಗೊಮ್ಮೆ ನೋಡಿರಿ. ಇನ್ನೊಂದು ಸಣ್ಣ ಗುಟ್ಟು. ಹೊಸ ಫೋನಿನ ಜೊತೆ ಬರುವ, ಎರಡೂ ತುದಿ ಟೈಪ್-ಸಿ ಇರುವ ಕೇಬಲಿನಿಂದ ಕೆಲವು ಅಗ್ಗದ ಮಿಕ್ಸರುಗಳು ಚಾರ್ಜೇ ಆಗುವುದಿಲ್ಲ. ಚಾರ್ಜರನ್ನು ಎಚ್ಚರಿಸುವ ರೆಸಿಸ್ಟರನ್ನು ಕಂಪನಿಯವರು ಹಾಕಿರುವುದಿಲ್ಲ. ಕೆಟ್ಟಿದೆ ಅಂತ ವಾಪಸ್ ಮಾಡುವ ಮುಂಚೆ, ಒಂದು ತುದಿ ಹಳೆಯ ಅಗಲ ಯುಎಸ್‌ಬಿ ಇರುವ ಕೇಬಲ್ ಹಚ್ಚಿ ನೋಡಿರಿ.

ಕೊಳ್ಳುವಾಗ ಬ್ಯಾಟರಿಗೆ ಬೇರೆ ವಾರಂಟಿ ಇದೆಯೇ ಅಂತ ಕೇಳಿರಿ. ಮೋಟಾರಿಗೆ ಒಂದು ವರ್ಷ ಕೊಟ್ಟು ಬ್ಯಾಟರಿಗೆ ಆರೇ ತಿಂಗಳು ಬರೆದಿರುವುದುಂಟು. ಬಿಚ್ಚಿ ಬದಲಿಸಲು ಬರುವ ಬ್ಯಾಟರಿ ಉತ್ತಮ. ಒಳಗೇ ಮುಚ್ಚಿದ್ದರೆ ಬ್ಯಾಟರಿಯ ಆಯುಷ್ಯವೇ ಯಂತ್ರದ ಆಯುಷ್ಯ. ಬ್ಯಾಟರಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಐಎಸ್ 16046 ಅನ್ನುವ ಸಂಖ್ಯೆ ಇರಲಿ. ಕೈಯಲ್ಲಿ ಹಿಡಿದು ನೋಡದೆ ತರಬೇಡಿರಿ. ಹಿಡಿಕೆಯಲ್ಲೇ ಬ್ಯಾಟರಿ ತುಂಬಿದ್ದರಿಂದ ಕೆಲವು ಹಿಂದಕ್ಕೆ ವಾಲುತ್ತವೆ, ಮೂರು ಮಿನಿಟಿಗೆ ಮಣಿಕಟ್ಟು ನೋಯುತ್ತದೆ. ವಯಸ್ಸಾದವರಿಗೆ ಇದು ಚಿಕ್ಕ ಮಾತಲ್ಲ.

ತೊಳೆಯುವುದು ಬೀಟರ್ ಮಾತ್ರ, ಅದೂ ಕೂಡಲೇ. ಕಡಲೆಹಿಟ್ಟು ಕಾಲು ತಾಸಿಗೆ ತಂತಿಗೆ ಸಿಮೆಂಟಿನಂತೆ ಹಿಡಿಯುತ್ತದೆ. ಬಿಸಿನೀರಿನ ತಪೇಲಿಯಲ್ಲಿ ಹತ್ತು ಸೆಕೆಂಡು ತಿರುಗಿಸಿ, ಬಂದ್ ಮಾಡಿ, ಆಮೇಲೆ ಬೀಟರ್ ತೆಗೆಯಿರಿ. ಮೈಯನ್ನು ನಳದ ಕೆಳಗೆ ಹಿಡಿಯದೆ ಹಿಂಡಿದ ಅರಿವೆಯಿಂದ ಒರೆಸಿ, ಚಾರ್ಜಿನ ತೂತಿನಲ್ಲಿ ಹಿಟ್ಟು ಕೂತಿದ್ದರೆ ಒಣ ಬ್ರಷ್ಷಿನಿಂದ ತೆಗೆಯಿರಿ. ಹಿಡಿಕೆ ಉಬ್ಬಿದಂತೆ ಕಂಡರೆ, ಜೋಡಣೆಯ ಗೆರೆ ಬಾಯಿಬಿಟ್ಟರೆ, ಒಳಗಿನ ಬ್ಯಾಟರಿ ಊದಿದೆ. ಆಮೇಲೆ ಚಾರ್ಜ್ ಹಚ್ಚುವಂತಿಲ್ಲ, ಚುಚ್ಚುವಂತಿಲ್ಲ, ಕಸದ ಗಾಡಿಗೂ ಹಾಕುವಂತಿಲ್ಲ; ಮಕ್ಕಳ ಕೈಗೆ ಸಿಗದಂತೆ ಹೊರಗೆ ನೆರಳಿನಲ್ಲಿ, ಒಣ ಮರಳಿನ ಡಬ್ಬಿಯಲ್ಲಿ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಿರಿ.