ಬಣ್ಣದ ನೀರಿಗೆ ಜೇಡಿಮಣ್ಣು: ನನ್ನ ಅನುಭವ

ಬನಹಟ್ಟಿಯಲ್ಲಿ ನಮ್ಮದು ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕ. ದಿನಕ್ಕೆ ಸುಮಾರು 3,000 ಲೀಟರ್ ಬಣ್ಣದ ನೀರು ಬರುತ್ತದೆ, ಬಹುಪಾಲು ರಿಯಾಕ್ಟಿವ್, ಅಂದರೆ ಹತ್ತಿ ನೂಲಿನ ಜೊತೆ ರಾಸಾಯನಿಕವಾಗಿ ಬೆಸೆಯುವ ಬಣ್ಣ. ಅದನ್ನು ಜೇಡಿಮಣ್ಣಿನಿಂದ ತಿಳಿ ಮಾಡುತ್ತೇನೆ ಅಂದಾಗ ಕಾಕಾ ನಂಬಲಿಲ್ಲ. "ತಮ್ಮಾ, ನೀರಾಗ ಮಣ್ಣ ಕಲಸಿದ್ರ ರಾಡಿ ಆಕ್ಕೈತಿ, ತಿಳಿ ಆಗೂದಿಲ್ಲ" ಅಂದರು. ಮೊದಲ ವರ್ಷ ಆಗಿದ್ದೂ ಹಾಗೆಯೇ.

ನಮ್ಮ ಹೊಲದ ಎರೆಮಣ್ಣು ಪುಕ್ಕಟೆ ಅಲ್ವಾ, ಅದರಿಂದಲೇ ಶುರು ಮಾಡಿದೆ. ಎರಡು ದಿನವಾದರೂ ತಳಕ್ಕೆ ಕೂರಲಿಲ್ಲ. ಆಮೇಲೆ ಕಚ್ಛದ ಬೆಂಟೊನೈಟ್ ತರಿಸಿದೆ, ಅದು ನೀರಿನಲ್ಲಿ ಉಬ್ಬುವ ಒಂದು ಬಗೆಯ ಜೇಡಿಮಣ್ಣು. ಸಾಗಣೆ ಸೇರಿ ಕೆಜಿಗೆ 12 ರೂಪಾಯಿ ಬಿದ್ದ ನೆನಪು. ಗಾಯಕ್ಕೆ ಹಚ್ಚುವ ಜೆನ್ಶಿಯನ್ ವಯಲೆಟ್ ನೀರಿಗೆ ಹಾಕಿ ಬಾಟಲಿ ಕುಲುಕಿದೆ. ಅರ್ಧ ಗಂಟೆಯಲ್ಲಿ ನೇರಳೆಯೆಲ್ಲ ಮಣ್ಣಿಗೆ ಹತ್ತಿತು. ಆ ಖುಷಿಯಲ್ಲಿ 20 ಚೀಲ ತರಿಸಿದೆ. ನಮ್ಮ ಕೆಂಪು ನೀರು ಮಾತ್ರ ಕೆಂಪಾಗಿಯೇ ನಿಂತಿತು. ನೀರಿನಲ್ಲಿ ಮಣ್ಣಿನ ವಿದ್ಯುತ್ ಚಾರ್ಜೂ ಮೈನಸ್, ರಿಯಾಕ್ಟಿವ್ ಬಣ್ಣದ್ದೂ ಮೈನಸ್, ಒಂದನ್ನೊಂದು ದೂರ ತಳ್ಳುತ್ತವೆ. ಆ್ಯಸಿಡ್ ಹಾಕಿ ಹದ ಮಾಡಿದೆ. ಸ್ವಲ್ಪ ಕೆಲಸವಾಯಿತು, ಆದರೆ ಪಂಪು ತಿಂದುಹೋಗಿ 9,000 ರೂಪಾಯಿ ಖರ್ಚಾಯಿತು.

ದಾರಿ ಸಿಕ್ಕಿದ್ದು ಫಿಕ್ಸರ್‌ನಿಂದ. ಅದು ಪ್ಲಸ್. ನೂಲಿಗೆ ಬಣ್ಣ ಹಿಡಿದಿಡುವ ಮಾಲು ಮಣ್ಣಿಗೂ ಹಿಡಿದಿಡಬೇಕಲ್ಲ? ಫಿಕ್ಸಿಂಗ್ ಮುಗಿದ ಮೇಲೆ ಸುಮ್ನೆ ಚೆಲ್ಲುತ್ತಿದ್ದ ನೀರಿನಲ್ಲೇ ಬೆಂಟೊನೈಟ್ ನೆನೆಸಿದೆ. ಎಷ್ಟು ಹೊತ್ತು, ಯಾವ ಹದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೇ ನನಗೆ ಎಂಟು ತಿಂಗಳು ಹಿಡಿಯಿತು. ಬಣ್ಣದ ನೀರಿನಲ್ಲಿರುವ ಸೋಡಾದ ಕ್ಷಾರ ಮುರಿದು ಈ ಮಣ್ಣು ಬಿಟ್ಟೆ. ಹಾಲು ಒಡೆದ ಹಾಗೆ ಕೆಂಪು ಹಿಂಜಲು ಕೆಳಗಿಳಿಯಿತು. ಬಕೆಟ್ಟಿನ ತಳಕ್ಕೆ ಬಿದ್ದಿದ್ದ ಒಂದು ರೂಪಾಯಿ ನಾಣ್ಯ ಮೇಲಿಂದ ಕಂಡಿತು! ಕಾಕಾ ಕೈ ಅದ್ದಿ ನೋಡಿ, ಇನ್ನೊಂದು ಬಕೆಟ್ ಮಾಡಿಸಿದರು.

ಈಗ 1,000 ಲೀಟರಿಗೆ ಸುಮಾರು ಎರಡು ಕೆಜಿ ಮಣ್ಣು, ಎಲ್ಲ ಸೇರಿ 60 ರೂಪಾಯಿಯೊಳಗೆ. ಬರೀ ಪಟಿಕ ಹಾಕುತ್ತಿದ್ದಾಗ ಇದರ ಎರಡರಷ್ಟಾಗುತ್ತಿತ್ತು, ರಾಡಿಯೂ ಜಾಸ್ತಿ.

ಬಣ್ಣ ಹೋದರೂ ಉಪ್ಪು ಹೋಗುವುದಿಲ್ಲ. ಬಣ್ಣ ಹಾಕಲು ಹೇಗೂ ಉಪ್ಪು ಬೇಕಲ್ಲ ಎಂದು ಆ ನೀರಿನಲ್ಲೇ ನೂಲಿಗೆ ಕಪ್ಪು ಬಣ್ಣ ಹಾಕಿದೆ. ಉಳಿದಿದ್ದ ಫಿಕ್ಸರ್‌ನಿಂದ 40 ಕೆಜಿ ನೂಲು ಕಲೆ ಕಲೆಯಾಗಿ 15,000 ರೂಪಾಯಿ ಹೋಯಿತು. ಈಗ ಆ ನೀರಿನಿಂದ ತೊಟ್ಟಿ, ನೆಲ ಮಾತ್ರ ತೊಳೆಯುತ್ತೇವೆ.

ಒಣಗಿದ ರಾಡಿಯಿಂದ ಇಟ್ಟಿಗೆಯನ್ನೂ ಸುಟ್ಟು ನೋಡಿದೆ, ಸೀಳಿಹೋಯಿತು. ಹೊಲಕ್ಕಂತೂ ಹಾಕಲೇಬೇಡಿ, ಟರ್ಕ್ವಾಯಿಸ್ (ಹಸಿರು ಮಿಶ್ರಿತ ನೀಲಿ) ಬಣ್ಣದಲ್ಲಿ ತಾಮ್ರವಿರುತ್ತದೆ. ಇಂಥ ರಾಡಿ ವಿಲೇವಾರಿಗೆ ಪರವಾನಗಿ ಇರುವವರಿಗೇ ಕೊಡಿ.

ಬರುವ ತಿಂಗಳು ಕಾಕಾನ ತೊಟ್ಟಿಗೂ ಇದನ್ನು ಕೂಡಿಸುತ್ತಿದ್ದೇನೆ. ಅವರದು ಟರ್ಕ್ವಾಯಿಸ್ ಜಾಸ್ತಿ. ಅದು ಬೇಗ ಬಗ್ಗುವ ಬಣ್ಣವಲ್ಲ, ಅಳತೆ ಹೊಸದಾಗಿ ಹುಡುಕಬೇಕು.