ಹಳೆಯ ಬ್ಯಾಕಪ್ ಬಿಡಿಸುವ ಮುನ್ನ

ಜಯನಗರದ ನಮ್ಮ ನಿವಾಸಿಗಳ ಸಂಘದ ಲೆಕ್ಕಪತ್ರಗಳ ಬ್ಯಾಕಪ್ ಬಿಡಿಸಲು ಹೊರಟಿರುವ ಸದಸ್ಯರು, ಅದನ್ನು ಈಗ ಬಳಕೆಯಲ್ಲಿರುವ ಫೋಲ್ಡರಿನೊಳಗೇ ನೇರವಾಗಿ ಬಿಡಿಸಬಾರದೆಂದು ವಿನಂತಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗುವ, ಕಡತಗಳನ್ನು ಒಂದೇ ಕಟ್ಟಾಗಿಸಿ ಮತ್ತೆ ಬಿಡಿಸುವ ತಂತ್ರಾಂಶ ಗ್ನೂ ಟಾರ್, ಅದೇ ಹೆಸರಿನ ಕಡತ ಎದುರಾದರೆ ನಮ್ಮನ್ನು ಒಂದು ಮಾತೂ ಕೇಳದೆ ಅದನ್ನು ತೆಗೆದು ಹಳೆಯದನ್ನು ಕೂರಿಸುತ್ತದೆ. ನಿನ್ನೆ ತಿದ್ದಿದ ಟ್ಯಾಂಕರ್ ನೀರಿನ ಲೆಕ್ಕದ ಜಾಗದಲ್ಲಿ ಕಳೆದ ವರ್ಷದ ಲೆಕ್ಕ ಬಂದಿರುವುದು ಆಡಿಟ್ ಹೊತ್ತಿಗಷ್ಟೇ ತಿಳಿಯಬಹುದು.

ಮೊದಲು ‘ಲಿಸ್ಟ್’ ಆಯ್ಕೆಯಿಂದ ಒಳಗೇನಿದೆ ಎಂದು ನೋಡಿ, ಬೇರೊಂದು ಖಾಲಿ ಫೋಲ್ಡರಿನಲ್ಲಿ ಬಿಡಿಸಿ, ಬೇಕಾದದ್ದನ್ನು ಮಾತ್ರ ನಕಲಿಸಿಕೊಳ್ಳುವುದೇ ನನ್ನ ದೃಷ್ಟಿಯಲ್ಲಿ ಉತ್ತಮ ಕ್ರಮ. ಮೂಲ ಜಾಗದಲ್ಲೇ ಬಿಡಿಸುವುದು ಅನಿವಾರ್ಯವಾದರೆ ‘ಸ್ಕಿಪ್-ಓಲ್ಡ್-ಫೈಲ್ಸ್’ ಆಯ್ಕೆಯನ್ನು ಸೇರಿಸಿ. ಆಗ ಇರುವ ಕಡತಗಳನ್ನು ಅದು ಮುಟ್ಟುವುದಿಲ್ಲ. ‘ಕೀಪ್-ಓಲ್ಡ್-ಫೈಲ್ಸ್’ ಸಹ ಮುಟ್ಟುವುದಿಲ್ಲ, ಆದರೆ ಅದೇ ಹೆಸರಿನ ಕಡತ ಎದುರಾದಾಗಲೆಲ್ಲ ಅದನ್ನು ದೋಷವೆಂದು ವರದಿ ಮಾಡುತ್ತದೆ. ಯಾವ ಕಡತ ಉಳಿಯಿತೆಂದು ಗೊತ್ತಾಗುವುದರಿಂದ ಲೆಕ್ಕಪತ್ರಗಳಿಗೆ ಇದೇ ಮೇಲು. ಜಿಪ್ ಕಡತ ಬಿಡಿಸಲು ಅನ್‌ಜಿಪ್ ಬಳಸುವವರಿಗೆ ಸಣ್ಣ ‘ಎನ್’ ಆಯ್ಕೆ ಸಾಕು.

ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಕಡತಗಳನ್ನು ನಕಲಿಸುವ ಆರ್‌ಸಿಂಕ್‌ನಲ್ಲಿ, ಇರುವ ಕಡತಗಳು ಹಾಗೇ ಉಳಿಯಲು ‘ಇಗ್ನೋರ್-ಎಕ್ಸಿಸ್ಟಿಂಗ್’ ಬಳಸಿ. ‘ಡಿಲೀಟ್’ ಆಯ್ಕೆಯಂತೂ ಬ್ಯಾಕಪ್‌ನಲ್ಲಿಲ್ಲದ ಹೊಸ ಕಡತಗಳನ್ನೆಲ್ಲ ಅಳಿಸಿಹಾಕುವುದರಿಂದ, ಬೇರೆಡೆಯಿಂದ ನಕಲಿಸಿಕೊಂಡ ಆದೇಶದಲ್ಲಿ ಅದು ನುಸುಳಿದೆಯೇ ಎಂದು ಪರಿಶೀಲಿಸಿ, ಒಮ್ಮೆ ‘ಡ್ರೈ-ರನ್’ (ಏನನ್ನೂ ಬದಲಿಸದೆ, ಏನಾಗಲಿದೆ ಎಂದು ಮಾತ್ರ ತೋರಿಸುವ ಪರೀಕ್ಷೆ) ಮಾಡಿದ ಬಳಿಕವಷ್ಟೇ ಎಂಟರ್ ಒತ್ತಿ.